ಟೀವಿಗೆ ಬರಬೇಕು, ಎಷ್ಟು ಇಳಿಸಲಿ ಅಕ್ಕ?

(ಸಿನಿಮಾ, ಧಾರಾವಾಹಿಗಳ ಕಾಸ್ಟ್ಯೂಮ್ ವಿಭಾಗದಲ್ಲಿ ದುಡಿದು, ಈಗ ಮನೆಯಲ್ಲೇ ಹೊಲಿಗೆ ಕಲಿಸುತ್ತಿರುವ ನಮ್ಮ ಅಂಕಣಗಾರ್ತಿ ಈ ಸಲ ಉತ್ತರಿಸಿರುವುದು ಮೈತೂಕದ ಬಗ್ಗೆ ಬಂದ ಪತ್ರಗಳಿಗೆ. ಬರೆದವರ ಹೆಸರು ಹಾಕಿಲ್ಲ.)

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಡಿಗ್ರಿ ಮುಗಿದಿದೆ, ಕಾಲೇಜಿನಿಂದಲೂ ನಾಟಕ ಮಾಡುತ್ತಿದ್ದೇನೆ. ಹೋದ ತಿಂಗಳು ಬೆಂಗಳೂರಿಗೆ ಬಂದು ಒಂದು ಸೀರಿಯಲ್‌ಗೆ ಆಡಿಷನ್ ಕೊಟ್ಟೆ. ಕೋಆರ್ಡಿನೇಟರ್ ಫೋನ್ ಮಾಡಿ, ‘ಫೇಸ್ ಓಕೆ, ಆ್ಯಕ್ಟಿಂಗ್ ಓಕೆ, 12 ಕೆಜಿ ಇಳಿಸಿಕೊಂಡು ಬನ್ನಿ, ನೋಡೋಣ’ ಅಂದರು. ನನ್ನ ಎತ್ತರ 5 ಅಡಿ 3 ಇಂಚು, ತೂಕ 58 ಕೆಜಿ. ರಾತ್ರಿ ಊಟ ಬಿಟ್ಟಿದ್ದೇನೆ. ಎರಡು ತಿಂಗಳಲ್ಲಿ ಆಗುತ್ತಾ? ಟೀವಿಗೆ ಬರಬೇಕು ಅನ್ನೋದು ಒಂದೇ ಆಸೆ.
— ಹಾಸನ

ಉತ್ತರ: ಮೊದಲು ರಾತ್ರಿ ಊಟ ಶುರು ಮಾಡಮ್ಮ. ಲೆಕ್ಕ ಆಮೇಲೆ ಹಾಕೋಣ.

5 ಅಡಿ 3 ಇಂಚು ಅಂದರೆ 160 ಸೆಂಟಿಮೀಟರು. ವೈದ್ಯರು ಬಿಎಂಐ ಅಂತ ಒಂದು ಲೆಕ್ಕ ಹಾಕುತ್ತಾರಲ್ಲ, ಕೆಜಿ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸುವುದು, ಅದು ನಿನಗೆ 22.6ರ ಆಸುಪಾಸು ಬರುತ್ತದೆ. ಹೊರದೇಶದವರಿಗೆ 25 ದಾಟಿದರೆ ತೂಕ ಹೆಚ್ಚು ಅನ್ನುತ್ತಾರೆ. ನಮ್ಮ ಜನಕ್ಕೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ ಅಂತ ಭಾರತೀಯರಿಗೆ 23ಕ್ಕೇ ಗೆರೆ ಎಳೆದಿದ್ದಾರೆ. ಆ ಬಿಗಿ ಗೆರೆಯ ಒಳಗೇ ನೀನಿದ್ದೀಯ. 12 ಕೆಜಿ ಕಳೆದರೆ ಉಳಿಯುವುದು 46. ಆಗ ಬಿಎಂಐ 18ಕ್ಕೂ ಕೂದಲೆಳೆಯಷ್ಟು ಕಡಿಮೆ. 18.5ಕ್ಕಿಂತ ಕೆಳಗೆ ಬಂದರೆ ಮೈತೂಕ ಸಾಲದು ಅಂತಲೇ ಡಾಕ್ಟರು ಬರೆಯುವುದು.

ಈ 18ರ ಹಿಂದೆ ಒಂದು ಸಾವಿದೆ. 2006ರ ಆಗಸ್ಟಿನಲ್ಲಿ ಉರುಗ್ವೆ ದೇಶದ ಲೂಯಿಸೆಲ್ ರಾಮೋಸ್ ಎಂಬ 22 ವರ್ಷದ ಮಾಡೆಲ್ ಫ್ಯಾಷನ್ ಷೋ ನಡೆಯುತ್ತಿದ್ದಾಗಲೇ ಕುಸಿದು ತೀರಿಕೊಂಡಳು. ಮುಂದಿನ ತಿಂಗಳು ಮ್ಯಾಡ್ರಿಡ್‌ನ ಫ್ಯಾಷನ್ ವೀಕ್‌ನವರು ಬಿಎಂಐ 18ಕ್ಕಿಂತ ಕಡಿಮೆ ಇರುವವರನ್ನು ರ‍್ಯಾಂಪ್ ಹತ್ತಿಸುವುದಿಲ್ಲ ಅಂದರು. ಆ ವರ್ಷ ಮುಗಿಯುವ ಮುಂಚೆ ಬ್ರೆಜಿಲ್‌ನ ಇನ್ನೊಬ್ಬ ಮಾಡೆಲ್, ಆನಾ ಕರೋಲಿನಾ ರೆಸ್ಟನ್, 21 ವರ್ಷ, ಊಟ ಬಿಡುವ ಕಾಯಿಲೆಯಿಂದ ಹೋದಳು. ನಿನ್ನ ಕೋಆರ್ಡಿನೇಟರ್ ಕೇಳುತ್ತಿರುವ ಮೈಯನ್ನು ಮ್ಯಾಡ್ರಿಡ್‌ನವರು ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು ಅನ್ನು. ಇಲ್ಲಿ ನಿನಗೆ ಸಿಗುವುದು ಹೆಚ್ಚುಕಮ್ಮಿ ಮಧ್ಯಮ ವರ್ಗದ ಮನೆಯ ಸೊಸೆ ಪಾತ್ರ. ಬೆಳಗಿನಿಂದ ಸಂಜೆವರೆಗೂ ಅಡುಗೆಮನೆ ಸೀನು!

‘ಇಷ್ಟು ಕೆಜಿ ಇಳಿಸಿ ಬನ್ನಿ’ ಅನ್ನುವ ಮಾತು ಎಲ್ಲಿ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಒಂದು ಪಾತ್ರಕ್ಕೆ ರಾಶಿ ಹುಡುಗಿಯರ ವಿಡಿಯೊ ಬಂದಿರುತ್ತವೆ. ಯಾರು ಬೇಕು ಅಂತ ಚಾನಲ್‌ನವರೇ ಇನ್ನೂ ತೀರ್ಮಾನಿಸಿರುವುದಿಲ್ಲ. ಯಾರಿಗೂ ‘ಇಲ್ಲ’ ಅನ್ನದೆ ಎಲ್ಲರನ್ನೂ ಕೈಯಲ್ಲಿ ಇಟ್ಟುಕೊಳ್ಳಬೇಕು. ಆಗ ಸುಲಭಕ್ಕೆ ಸಿಗುವ ನೆಪ ತೂಕ. ಇಳಿಸಲು ಎರಡು ತಿಂಗಳಂತೂ ಬೇಕು, ಅಷ್ಟು ದಿನ ಹುಡುಗಿ ಫೋನ್ ಮಾಡಿ ತಲೆ ತಿನ್ನುವುದಿಲ್ಲ. ಇಳಿಸಿಕೊಂಡು ಬಂದವಳಿಗೆ ಪಾತ್ರ ಯಾವಾಗಲೋ ಬೇರೆಯವರಿಗೆ ಹೋಗಿರುತ್ತದೆ, ‘ಮುಂದಿನ ಪ್ರಾಜೆಕ್ಟ್‌ಗೆ ಖಂಡಿತ’ ಅಂತ ಒಂದು ಮಾತು ಸಿಗುತ್ತದೆ. ಅಳೆದು ತೂಗಿ ಹೇಳಿದ ಸಂಖ್ಯೆ ಅಂದುಕೊಂಡು ನೀನು ಊಟ ಬಿಟ್ಟಿದ್ದೀಯ. ಹೇಳಿದವರಿಗೆ ಅದು ನೆನಪಿದ್ದರೆ ಹೆಚ್ಚು.

ಮುಂದಿನ ಸಲ ಫೋನ್ ಬಂದರೆ ನಯವಾಗಿಯೇ ಕೇಳು: ಸರ್, ಪಾತ್ರ ಯಾವುದು? ತೂಕದ ವಿಷಯ ಹೇಳಿದ್ದು ಡೈರೆಕ್ಟರೋ ಚಾನಲ್ಲೋ? ಅಗ್ರಿಮೆಂಟ್ ಇಳಿಸುವ ಮುಂಚೆಯೋ ಆಮೇಲೆಯೋ? ಟ್ರೇನರ್ ಖರ್ಚು ಯಾರದು? ಪಾತ್ರಕ್ಕಾಗಿ ಮೈ ಬದಲಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. 2011ರ ‘ದ ಡರ್ಟಿ ಪಿಕ್ಚರ್’ಗೆ ವಿದ್ಯಾ ಬಾಲನ್ 12 ಕೆಜಿ ಏರಿಸಿಕೊಂಡರು. ನಮ್ಮ ಕರಾವಳಿಯ ಅನುಷ್ಕಾ ಶೆಟ್ಟಿ 2015ರ ‘ಸೈಜ್ ಝೀರೋ’ಗೆ ದಪ್ಪಗಾದರು, ಏರಿಸಿದ್ದನ್ನು ಇಳಿಸುವುದಕ್ಕೆ ಆಮೇಲೆ ಸಾಕಷ್ಟು ಪಾಡೂ ಪಟ್ಟರು. ಅವರಿಬ್ಬರಿಗೂ ಪಾತ್ರ ಮೊದಲು ಕೈಗೆ ಬಂದಿತ್ತು, ಕಿಲೋ ಆಮೇಲೆ. ನಿನಗೆ ಕಿಲೋ ಮಾತ್ರ ಕೊಟ್ಟಿದ್ದಾರೆ.

ಇನ್ನು ‘ಕ್ಯಾಮೆರಾದಲ್ಲಿ ದಪ್ಪ ಕಾಣ್ತೀರಿ’ ಅನ್ನುವ ಮಾತು. ಚಪ್ಪಟೆ ಟೀವಿಗಳು ಮನೆಮನೆಗೆ ಬಂದ ಹೊಸದರಲ್ಲಿ ಒಬ್ಬ ನಿರ್ಮಾಪಕರು ನಮ್ಮ ಹೀರೋಯಿನ್ನನ್ನು ಆಫೀಸಿಗೆ ಕರೆಸಿ, ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ ಅವಳದೇ ಎಪಿಸೋಡ್ ಹಾಕಿ, ‘ನೋಡಮ್ಮ ಹೇಗಾಗಿದ್ದೀಯ’ ಅಂದರು. ಹುಡುಗಿಯ ಕಣ್ಣಲ್ಲಿ ನೀರು. ಬ್ಲೌಸಿನ ಅಳತೆ ವಿಚಾರಕ್ಕೆ ನನ್ನನ್ನೂ ಕರೆದಿದ್ದರು. ನಾನು ನೋಡಿದ್ದು ಅವಳ ಹಣೆ. ಬೆಳಿಗ್ಗೆ ನನ್ನ ಕಣ್ಣೆದುರಿಗೇ ಮೇಕಪ್‌ನವರು ಇಟ್ಟಿದ್ದ ದುಂಡು ಕುಂಕುಮ ಪರದೆಯ ಮೇಲೆ ಮೊಟ್ಟೆಯ ಆಕಾರಕ್ಕೆ ಅಡ್ಡ ಮಲಗಿತ್ತು. ಹಿಂದಿನ ಗೋಡೆ ಗಡಿಯಾರವೂ ಹಾಗೇ. ಆಗ ನಾವು ಶೂಟ್ ಮಾಡುತ್ತಿದ್ದದ್ದು ಹಳೇ ಟೀವಿಯ 4:3 ಅಳತೆಗೆ. ಹೊಸ ಟೀವಿಯದು 16:9. ಪರದೆ ತುಂಬಲಿ ಅಂತ ಎಳೆದು ಹಾಕಿದರೆ ಎಲ್ಲರೂ ಮೂರನೇ ಒಂದು ಪಾಲು ಅಗಲ ಆಗುತ್ತಾರೆ. ‘ಸರ್, ಕುಂಕುಮ ನೋಡಿ’ ಅಂದೆ. ಎಡಿಟರ್ ಹುಡುಗ ರಿಮೋಟಿನ ಒಂದು ಬಟನ್ ಒತ್ತಿದ. ಹೀರೋಯಿನ್ ಸಣ್ಣಗಾದಳು, ಗಡಿಯಾರ ದುಂಡಗಾಯಿತು. ನಿರ್ಮಾಪಕರು ‘ಆದ್ರೂ ಒಂದೆರಡು ಕೆಜಿ...’ ಅಂದರು. ಸೋಲೊಪ್ಪುವ ಜಾತಿಯಲ್ಲ ಅದು.

ಫೋನಿನಲ್ಲಿ ಆಡಿಷನ್ ವಿಡಿಯೊ ಕಳಿಸುವವರಿಗೂ ಇದೇ ಕಥೆ. ಕೈಯಳತೆಯಲ್ಲಿ ಫೋನ್ ಹಿಡಿದು ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದರೆ ಲೆನ್ಸಿಗೆ ಹತ್ತಿರ ಇರುವ ಮೂಗು, ಕೆನ್ನೆ ಊದಿಕೊಂಡು ಕಾಣುತ್ತವೆ. ಫೋನನ್ನು ಆರೇಳು ಅಡಿ ದೂರದಲ್ಲಿ, ಎದೆಯ ಮಟ್ಟಕ್ಕೆ ಸ್ಟೂಲಿನ ಮೇಲಿಡು. ಹಿಂದಿನ ಕ್ಯಾಮೆರಾದಲ್ಲಿ ತೆಗೆ. ಕಿಟಕಿ ನಿನ್ನ ಎದುರಿಗಿರಲಿ. ಮೈಗೆ ಸರಿಯಾಗಿ ಕೂರುವ ಒಂದೇ ಬಣ್ಣದ ಚೂಡಿದಾರ್ ಹಾಕಿಕೋ. ದೊಗಲೆ ಬಟ್ಟೆಯಲ್ಲಿ ಮೈ ಅಡಗುತ್ತದೆ ಅನ್ನುವುದು ಸುಳ್ಳು. ಕ್ಯಾಮೆರಾ ಬಟ್ಟೆಯ ಅಗಲವನ್ನೂ ಮೈಯ ಲೆಕ್ಕಕ್ಕೇ ಸೇರಿಸುತ್ತದೆ. ಇಷ್ಟು ಮಾಡಿ ಇನ್ನೆರಡು ಕಡೆ ಕಳಿಸು. ನಾಟಕ ಬಿಡಬೇಡ.

ಪ್ರಶ್ನೆ: ಅಕ್ಕಾರ, ನಮ್ಮ ಕಾಲದ ಹೀರೋಯಿನ್ನುಗಳು ಮೈತುಂಬಿಕೊಂಡು ಛಂದ ಇರ್ತಿದ್ರು. ಈಗಿನವ್ರು ಒಣಾ ಕಡ್ಡಿ ಆಗ್ಯಾರ. ಯಾಕ ಹಿಂಗ?
— ಹುಬ್ಬಳ್ಳಿ

ಉತ್ತರ: ಅಣ್ಣಾರ, ಮೊದಲರ್ಧ ಒಪ್ಪುತ್ತೇನೆ. ಜಯಂತಿ 1965ರಲ್ಲೇ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಗೆ ಹಾಕಿದರು. ಅದೇ ಮೈಯಲ್ಲಿ ಇವತ್ತು ಒಬ್ಬ ಹುಡುಗಿ ಆಡಿಷನ್‌ಗೆ ಹೋದರೆ ಹೀರೋಯಿನ್ನಿನ ಅಕ್ಕನ ಪಾತ್ರ ಕೊಡುತ್ತಾರೆ. ಕಲ್ಪನಾ, ಭಾರತಿ, ಆರತಿ, ಮಂಜುಳಾ, ಯಾರನ್ನು ನೋಡಿದರೂ ತೋಳಲ್ಲಿ ಮಾಂಸ ಇತ್ತು, ಮುಖದಲ್ಲಿ ಕಳೆ ಇತ್ತು.

ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಇದ್ದ ಹಾಗೇ ಒಪ್ಪಿಕೊಂಡಿದ್ದರು ಅಂತ ಮಾತ್ರ ಹೇಳಬೇಡಿ. ನಾನು ಕೆಲಸಕ್ಕೆ ಸೇರಿದಾಗ ಕಾಸ್ಟ್ಯೂಮ್ ಟ್ರಂಕಿನಲ್ಲಿ ಸೂಜಿ, ದಾರ, ಹುಕ್ಕಿನ ಜೊತೆ ಸ್ಪಂಜಿನ ಪ್ಯಾಡುಗಳ ಒಂದು ಗಂಟೂ ಇರುತ್ತಿತ್ತು. ಎದೆಗೊಂದು ಜೊತೆ, ಸೊಂಟದ ಕೆಳಗೊಂದು ಜೊತೆ. ತೆಳ್ಳಗಿನ ಹುಡುಗಿ ಬಂದರೆ ಡ್ಯಾನ್ಸ್ ಮಾಸ್ಟರು ಅವಳೆದುರಿಗೇ ‘ಇನ್ನೊಂದು ಹಾಕಮ್ಮ’ ಅಂತ ನನಗೆ ಹೇಳುತ್ತಿದ್ದರು. ಆಮೇಲೆ ಮುಂಬೈಯಿಂದ ಹೀರೋಯಿನ್ ತರಿಸುವ ಚಾಳಿ ಜೋರಾಯಿತು. 2008ರಲ್ಲಿ ಕರೀನಾ ಕಪೂರ್ ‘ತಶನ್’ ಸಿನಿಮಾಕ್ಕೆ ತೂಕ ಇಳಿಸಿಕೊಂಡ ಮೇಲೆ, ತೀರಾ ತೆಳ್ಳಗಿನ ಮೈಗೆ ಹೇಳುವ ‘ಸೈಜ್ ಝೀರೋ’ ಅನ್ನುವ ಮಾತು ನಮ್ಮ ಗಾಂಧಿನಗರದ ಟೈಲರುಗಳ ಬಾಯಿಗೂ ಬಂತು. ಟ್ರಂಕಿನಿಂದ ಪ್ಯಾಡು ಹೋಯಿತು, ಹೊಟ್ಟೆ ಬಿಗಿಯುವ ಬೆಲ್ಟು ಬಂತು. ಅದೇ ಹುಡುಗಿಗೆ ಒಂದು ಭಾಷೆಯ ಸೆಟ್ಟಿನಲ್ಲಿ ‘ಸಣ್ಣ’ ಅಂತಲೂ ಇನ್ನೊಂದು ಭಾಷೆಯ ಸೆಟ್ಟಿನಲ್ಲಿ ‘ದಪ್ಪ’ ಅಂತಲೂ ಅಂದದ್ದನ್ನು ಒಂದೇ ವರ್ಷದಲ್ಲಿ ಕೇಳಿದ್ದೇನೆ. ಅವಳ ಬ್ಲೌಸಿನ ಅಳತೆ ನನ್ನ ಪುಸ್ತಕದಲ್ಲಿತ್ತು. ಒಂದು ಇಂಚೂ ಆಚೀಚೆ ಆಗಿರಲಿಲ್ಲ.

ಹೀರೋಗಳ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೊಟ್ಟೆ ಬಂದ ಹೀರೋಗೆ ನಾವು ಮಾಡುತ್ತಿದ್ದದ್ದು ಇಷ್ಟೆ: ಷರ್ಟನ್ನು ಪ್ಯಾಂಟಿನಿಂದ ಆಚೆ ಬಿಡುವುದು, ಮೇಲೊಂದು ಗಾಢ ಬಣ್ಣದ ಜಾಕೆಟ್, ಒಳಗೆ ಅಗಲವಾದ ಎಲಾಸ್ಟಿಕ್ ಪಟ್ಟಿ. ಮೇ ತಿಂಗಳ ಬಿಸಿಲಲ್ಲಿ ಹಾಡಿಗೆ ಜಾಕೆಟ್ ಯಾಕೆ ಹಾಕಿದ್ದಾರೆ ಅಂತ ನೀವೂ ಕೇಳಲಿಲ್ಲ, ನಿರ್ಮಾಪಕರೂ ಕೇಳಲಿಲ್ಲ. ಹೀರೋಯಿನ್ ‘ಒಣಾ ಕಡ್ಡಿ’ ಅಂತ ನೀವು ಬರೆದಿದ್ದೀರಲ್ಲ, ಅದನ್ನೂ ಒಂದು ಸಲ ಯೋಚನೆ ಮಾಡ್ರಿ. ನಾಳೆ ಅವಳು ಎರಡು ಕೆಜಿ ಏರಿದರೆ ನೀವೇ ಇನ್ನೊಂದು ಪತ್ರ ಬರೆಯುತ್ತೀರಿ.

ಪ್ರಶ್ನೆ: ಬೇಜಾರಾಗಬೇಡಿ, ನಿಮ್ಮ ತೂಕ ಎಷ್ಟು?
— ಮಂಡ್ಯ

ಉತ್ತರ: ನನ್ನನ್ನೇನು ಕುರಿ ಸಂತೆಗೆ ಹೊಡೆದುಕೊಂಡು ಹೋಗಬೇಕಿತ್ತೇ ಮಾರಾಯರೆ?

ಪ್ರಶ್ನೆ: ಮೇಡಂ, ನನ್ನ ಮಗಳು ಒಂದು ಧಾರಾವಾಹಿಯಲ್ಲಿ ನಾಯಕಿಯ ತಂಗಿ ಪಾತ್ರ ಮಾಡುತ್ತಿದ್ದಾಳೆ. ಸೊಂಟದ ಹತ್ತಿರ ಬೊಜ್ಜಿದೆ ಅಂತ ಸೆಟ್ಟಿನಲ್ಲಿ ಯಾರೋ ಅಂದರಂತೆ. ಒಂದು ಕ್ಲಿನಿಕ್‌ನಲ್ಲಿ ಬೆಳಿಗ್ಗೆ ಹೋದರೆ ಕೊಬ್ಬು ತೆಗೆದು ಸಂಜೆಗೆ ಮನೆಗೆ ಕಳಿಸುತ್ತಾರಂತೆ, ಕಂತಿನಲ್ಲಿ ದುಡ್ಡು ಕಟ್ಟಬಹುದಂತೆ. ಬೇಡ ಅಂದರೆ ‘ನಿಂಗೇನೂ ಗೊತ್ತಿಲ್ಲ’ ಅಂತ ಕೂಗಾಡುತ್ತಾಳೆ. ಅವರಪ್ಪನಿಗೆ ಹೇಳಿಲ್ಲ. ಏನು ಮಾಡಲಿ?
— ದಾವಣಗೆರೆ

ಉತ್ತರ: ಕೂಗಾಡಿದರೂ ನಿಮ್ಮ ಹತ್ತಿರ ಹೇಳಿದ್ದಾಳಲ್ಲ, ಅದು ದೊಡ್ಡದು. ಯಾಕೆ ಅಂತ ಹೇಳುತ್ತೇನೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ನಿಮಗೂ ನೆನಪಿರಬಹುದು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಕಾಣಿಸಿಕೊಂಡಿದ್ದ ಹುಡುಗಿ. ವಯಸ್ಸು 21. ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಮನೆಯವರಿಗೆ ತಿಳಿಸಿರಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತಂತೆ. ಅದಕ್ಕೂ ಮುಂಚೆ 2015ರಲ್ಲಿ ತೆಲುಗಿನ ನಟಿ ಆರತಿ ಅಗರ್ವಾಲ್ ಅಮೆರಿಕದಲ್ಲಿ ಹೋದರು, 31 ವರ್ಷ. ಅವರಿಗೂ ಕೆಲವು ವಾರಗಳ ಹಿಂದೆ ಲೈಪೊಸಕ್ಷನ್ ಆಗಿತ್ತು. ಚೇತನಾ ಸತ್ತ ವಾರ ಸೆಟ್ಟುಗಳಲ್ಲಿ ಎಲ್ಲರೂ ಅದನ್ನೇ ಮಾತಾಡಿದರು. ‘ಅಯ್ಯೋ, ಅವಳಿಗೇನು ದಪ್ಪ ಇತ್ತು?’ ಅಂತ ಎಷ್ಟು ಜನ ಅಂದರು ಗೊತ್ತೆ? ದಪ್ಪ ಇದ್ದಿದ್ದರೆ ಸತ್ತದ್ದು ಸರಿ ಅನ್ನುವ ಹಾಗೆ. ಮುಂದಿನ ವಾರ ಅದೇ ಬಾಯಿಗಳು ಇನ್ನೊಬ್ಬಳ ಸೊಂಟ ಅಳೆಯುತ್ತಿದ್ದವು.

ನಾನು ಡಾಕ್ಟರಲ್ಲ. ನಮ್ಮ ಬೀದಿಯಲ್ಲೇ ಇರುವ ಒಬ್ಬ ಸರ್ಜನ್ ಹತ್ತಿರ ಕೂತು ಕೇಳಿಕೊಂಡು ಬರೆಯುತ್ತಿದ್ದೇನೆ. ಲೈಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆಯೇ ಅಲ್ಲವಂತೆ. ವ್ಯಾಯಾಮ, ಪಥ್ಯಕ್ಕೆ ಕರಗದ ಒಂದೆರಡು ಕಡೆಯ ಕೊಬ್ಬಿಗೆ ಮಾತ್ರ. ಚರ್ಮದ ಕೆಳಗೆ ಔಷಧಿ ಬೆರೆಸಿದ ನೀರು ತುಂಬಿಸಿ, ತೆಳು ಕೊಳವೆ ತೂರಿಸಿ, ಕೊಬ್ಬನ್ನು ಹೀರುತ್ತಾರೆ. ಹೆಚ್ಚು ತೆಗೆದಷ್ಟೂ ಮೈಯೊಳಗಿನ ದ್ರವದ ಲೆಕ್ಕ ತಪ್ಪುತ್ತದೆ. ಕೊಬ್ಬಿನ ಕಣ ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ‘ಬೆಳಿಗ್ಗೆ ಬಂದು ಸಂಜೆ ಹೋಗಿ’ ಅನ್ನುವವರು ಈ ಭಾಗವನ್ನು ಹೇಳುವುದಿಲ್ಲ, ಕಂತಿನ ಲೆಕ್ಕ ಹೇಳುತ್ತಾರೆ.

‘ಬೇಡ’ ಅಂತ ಒಂದೇ ಮಾತಿನಲ್ಲಿ ಬಾಗಿಲು ಹಾಕಬೇಡಿ. ಹಾಕಿದರೆ ಮುಂದಿನ ಸಲ ಅವಳು ನಿಮಗೆ ಹೇಳದೆ ಹೋಗುತ್ತಾಳೆ. ‘ನಡಿ, ನಾನೂ ಬರ್ತೀನಿ, ಡಾಕ್ಟರ ಹತ್ತಿರ ಮಾತಾಡೋಣ’ ಅನ್ನಿ. ಹೋದ ಮೇಲೆ ಕೇಳಿ: ಆಪರೇಷನ್ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಓದಿದ್ದಾರೋ? ಅರಿವಳಿಕೆ ವೈದ್ಯರು ಮುಗಿಯುವ ತನಕ ಪಕ್ಕದಲ್ಲಿರುತ್ತಾರೋ? ಐಸಿಯು ಇದೇ ಕಟ್ಟಡದಲ್ಲಿದೆಯೋ, ಆಂಬುಲೆನ್ಸ್ ಹತ್ತಿಸಿ ಕಳಿಸುತ್ತೀರೋ? ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು. ಆ ಪ್ರಮಾಣಪತ್ರ ತೋರಿಸಿ ಅನ್ನಿ, ಯಾವ ಬಗೆಯ ಚಿಕಿತ್ಸೆಗೆ ನೋಂದಣಿ ಆಗಿದೆ ಅಂತ ನೀವೇ ಓದಿ. ಒಳ್ಳೆಯ ಸರ್ಜನ್ ಆದರೆ ನಿಮ್ಮ ಮಗಳನ್ನು ನೋಡಿ ‘ಇದು ನಿನಗೆ ಬೇಕಿಲ್ಲಮ್ಮ’ ಅಂತ ಅವರೇ ವಾಪಸ್ ಕಳಿಸುವ ಸಂಭವವೇ ಹೆಚ್ಚು. ಆ ಮಾತು ಅಮ್ಮನ ಬಾಯಿಂದ ಬರುವುದಕ್ಕಿಂತ ಅವರ ಬಾಯಿಂದ ಬಂದರೆ ನಾಟುತ್ತದೆ.

ಸೊಂಟದ ಬೊಜ್ಜಿನ ವಿಷಯಕ್ಕೆ ನನ್ನ ಕಸುಬಿನ ಮಾತು ಒಂದು. ತಂಗಿ ಪಾತ್ರಕ್ಕೆ ಲಂಗದಾವಣಿ ಉಡಿಸುತ್ತಿದ್ದಾರೆ ಅಂತ ಊಹೆ. ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಿದರೆ ಯಾರಿಗಾದರೂ ಮೇಲೆ ಒಂದು ಮಡಿಕೆ ಬರುತ್ತದೆ, 45 ಕೆಜಿಯವಳಿಗೂ ಬರುತ್ತದೆ. ಲಾಡಿ ತೆಗೆಸಿ, ನಾಲ್ಕು ಬೆರಳಗಲದ ಪಟ್ಟಿ ಹೊಲಿಸಿ, ಪಕ್ಕಕ್ಕೆ ಜಿಪ್ ಹಾಕಿಸಿ. ಬ್ಲೌಸ್ ಒಂದು ಇಂಚು ಇಳಿಸಲಿ. ಮುನ್ನೂರು ರೂಪಾಯಿಯೊಳಗೆ ಆಗುವ ಕೆಲಸ.

ಪ್ರಶ್ನೆ: ನಾನು ಕಾರ್ಯಕ್ರಮ ನಿರೂಪಕಿ, 31 ವರ್ಷ. ಹೆರಿಗೆಯಾಗಿ ಎಂಟು ತಿಂಗಳು, ಮಗು ಹಾಲು ಕುಡಿಯುತ್ತಿದೆ. ಸ್ಟೇಜ್‌ಗೆ ವಾಪಸ್ ಬಂದ ಮೊದಲ ವಿಡಿಯೊಗೆ ‘ಆಂಟಿ’ ಅಂತ ಕಾಮೆಂಟ್‌ಗಳ ಸುರಿಮಳೆ. ಜಿಮ್ ಟ್ರೇನರ್ ವಾರಕ್ಕೊಂದು ಇಂಜೆಕ್ಷನ್ ತಗೊಳ್ಳಿ, ಸಿನಿಮಾದವರೆಲ್ಲ ಅದನ್ನೇ ಮಾಡೋದು ಅಂತಾರೆ. ತಗೊಳ್ಳಲಾ?
— ಬೆಂಗಳೂರು

ಉತ್ತರ: ಹಾಲು ಕುಡಿಸುವಾಗ ಬೇಡವೇ ಬೇಡ. ಜಿಮ್ ಟ್ರೇನರ್ ಚೀಟಿ ಬರೆಯುವ ಔಷಧಿಯೂ ಅಲ್ಲ ಅದು. ವಾರಕ್ಕೊಂದು ಚುಚ್ಚಿಕೊಳ್ಳುವ ಈ ಇಂಜೆಕ್ಷನ್ನುಗಳಲ್ಲಿ ಮೌಂಜಾರೊ 2025ರ ಮಾರ್ಚಿನಲ್ಲಿ, ವೆಗೋವಿ ಅದೇ ವರ್ಷದ ಜೂನಿನಲ್ಲಿ ನಮ್ಮ ದೇಶಕ್ಕೆ ಬಂದವು. ಸ್ಥೂಲಕಾಯ, ಸಕ್ಕರೆ ಕಾಯಿಲೆಯಿಂದ ನಿಜವಾಗಿ ಒದ್ದಾಡುವವರಿಗೆ ಒಳ್ಳೆಯ ಔಷಧಿಗಳೇ, ನಾನು ಹಳಿಯುವುದಿಲ್ಲ. ತೂಕ ಇಳಿಸಲು ಅವನ್ನು ಕೊಡುವುದು ಬಿಎಂಐ 30 ದಾಟಿದವರಿಗೆ, ಇಲ್ಲವೇ 27 ದಾಟಿ ಬಿಪಿ, ಸಕ್ಕರೆಯಂಥ ತೊಂದರೆಯೂ ಇರುವವರಿಗೆ. ನಿಲ್ಲಿಸಿದರೆ ತೂಕ ತಿರುಗಿ ಬರುತ್ತದೆ. ವೆಗೋವಿಯಲ್ಲಿರುವ ಔಷಧಿಯ ಮೇಲೆ ನಡೆದ ಅಧ್ಯಯನದಲ್ಲಿ, ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ವಾಕರಿಕೆ, ವಾಂತಿ ಬೇರೆ. ಮೈಕ್ ಹಿಡಿದು ಮೂರು ಗಂಟೆ ನಿಲ್ಲುವ ಕೆಲಸ ನಿಮ್ಮದು.

ಕಾಮೆಂಟಿನ ವಿಷಯ. ಐಶ್ವರ್ಯಾ ರೈ ಬಾಣಂತನ ಮುಗಿಸಿ 2012ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋದಾಗ ಅವರನ್ನೂ ಬಿಡಲಿಲ್ಲ. ವಿಶ್ವಸುಂದರಿಯ ಕಿರೀಟ ತೊಟ್ಟವರಿಗೇ ಆ ಗತಿ. ಹರ್ನಾಜ್ ಸಂಧು ಮಿಸ್ ಯೂನಿವರ್ಸ್ ಆದ ಮರುವರ್ಷ ತೂಕ ಏರಿದಾಗಲೂ ಅದೇ. ಕೊನೆಗೆ ಆ ಹುಡುಗಿ ತನಗೆ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದೆ ಅಂತ ಊರಿಗೆಲ್ಲ ಹೇಳಿಕೊಳ್ಳಬೇಕಾಯಿತು. ಯಾಕೆ ಹೇಳಬೇಕಿತ್ತು? ನೀವು ಮಾತ್ರ ಯಾರಿಗೂ ವಿವರಣೆ ಕೊಡಲು ಹೋಗಬೇಡಿ. ಹಳೇ ಬ್ಲೌಸುಗಳನ್ನು ಎಳೆದೆಳೆದು ಹಾಕಿಕೊಳ್ಳುವುದನ್ನು ಬಿಟ್ಟು, ಈಗಿನ ಅಳತೆಗೆ ಎರಡು ಹೊಸದು ಹೊಲಿಸಿಕೊಳ್ಳಿ. ಮುಂದೆ ಹುಕ್ ಇಡಿಸಿ, ಗ್ರೀನ್‌ರೂಮಿನಲ್ಲಿ ಮಗುವಿಗೆ ಹಾಲು ಕೊಡಲೂ ಅನುಕೂಲ.

ಪ್ರಶ್ನೆ: ನಾನು ಸಹನಟಿ. ಹೊರಾಂಗಣ ಶೂಟಿಂಗ್ ಇದ್ದಾಗ ಹೆಂಗಸರಿಗೆ ಶೌಚಾಲಯ ಇರುವುದಿಲ್ಲ, ಅದಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಊಟವೂ ಅರ್ಧ. ‘ನೀನೇ ಪುಣ್ಯವಂತೆ, ಸ್ಲಿಮ್ ಆಗಿದ್ದೀಯ’ ಅಂತಾರೆ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಉರಿಮೂತ್ರ ಪದೇ ಪದೇ. ಯಾರಿಗೆ ಹೇಳಲಿ?
— ಊರು ಬೇಡ

ಉತ್ತರ: ಈ ಪತ್ರವನ್ನು ಎರಡು ಸಲ ಓದಿದೆ. ಮೊದಲು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಮ್ಮ, ಈ ವಾರವೇ. ಗರ್ಭಿಣಿಯಲ್ಲ ಅಂತಾದರೆ, ಹೊಟ್ಟೆಗಿಲ್ಲದೆ ಮುಟ್ಟು ನಿಲ್ಲುವುದೂ ಉಂಟು. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಉರಿಗೆ ಮೂತ್ರ ಪರೀಕ್ಷೆ ಮಾಡಿಸಿ ಪೂರ್ತಿ ಔಷಧಿ ತೆಗೆದುಕೋ. ಸೆಟ್ಟಿನಲ್ಲಿ ಯಾರೋ ಕೊಡುವ ಮಾತ್ರೆ ನುಂಗಬೇಡ.

ನೀನು ಬರೆದದ್ದು ನಿನ್ನೊಬ್ಬಳ ಕಥೆಯಲ್ಲ. ಮಲಯಾಳಂ ಚಿತ್ರರಂಗದ ಬಗ್ಗೆ ಕೇರಳ ಸರ್ಕಾರ ನೇಮಿಸಿದ್ದ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂತಲ್ಲ, ಅದರಲ್ಲಿ ಇದೇ ಇದೆ. ಶೌಚಾಲಯ ಇಲ್ಲದ್ದಕ್ಕೆ ಹೆಂಗಸರು ಸೆಟ್ಟಿನಲ್ಲಿ ನೀರು ಕುಡಿಯುವುದಿಲ್ಲ, ಸೋಂಕು ತಂದುಕೊಳ್ಳುತ್ತಾರೆ ಅಂತ. ಓದಿದ ಜನ ಬೇರೆ ಪುಟಗಳ ಬಗ್ಗೆ ಮಾತಾಡಿದರು, ಈ ಪುಟದ ಬಗ್ಗೆ ಕಡಿಮೆ. ನನ್ನ ಮಟ್ಟಿಗೆ ಮೈಕಟ್ಟಿನ ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದ. ಅದಾದ ಮುಂದಿನ ತಿಂಗಳು ನಮ್ಮಲ್ಲೂ ಚಿತ್ರರಂಗದವರ ಹಕ್ಕು, ಸಮಾನತೆಗೆ ದುಡಿಯುವ ‘ಫೈರ್’ ಸಂಘಟನೆಯವರು ಅಂಥದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಅವರನ್ನು ಸಂಪರ್ಕಿಸು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ದೂರು ಸಮಿತಿ ಇರಬೇಕು. ಮೈ ಬಗ್ಗೆ ಅಸಹ್ಯವಾಗಿ ಮಾತಾಡಿದರೂ ಅಲ್ಲಿ ದೂರು ಕೊಡಬಹುದು. ಒಬ್ಬಳೇ ಹೋಗಿ ನಿಲ್ಲಬೇಡ, ಮೇಕಪ್ ಕೋಣೆಯ ನಾಲ್ಕು ಜನ ಸೇರಿ ಮ್ಯಾನೇಜರ್ ಹತ್ತಿರ ಹೋಗಿ. ಕೇಳಬೇಕಾದದ್ದು ದೊಡ್ಡದೇನಲ್ಲ: ಲೊಕೇಷನ್ ಪಕ್ಕದ ಒಂದು ಮನೆಯವರಿಗೆ ದಿನಕ್ಕೆ ಇಷ್ಟು ಅಂತ ಕೊಟ್ಟು ಬಚ್ಚಲು ಬಾಡಿಗೆಗೆ ತೆಗೆದುಕೊಳ್ಳಿ. ಜನರೇಟರ್‌ಗೆ ಡೀಸೆಲ್ ಹಾಕಿಸುವವರಿಗೆ ಅದೇನೂ ಹೊರೆಯಲ್ಲ.

ಪ್ರಶ್ನೆ: ಮೇಡಂ, ನಾನು ಧಾರಾವಾಹಿಗೆ ಸಂಭಾಷಣೆ ಬರೆಯುತ್ತೇನೆ. ನಾಯಕಿಗೊಬ್ಬಳು ಗೆಳತಿ ಇದ್ದಾಳೆ, ಬ್ಯಾಂಕಿನಲ್ಲಿ ಕೆಲಸ, ಸ್ವಲ್ಪ ದಪ್ಪ. ಅವಳು ಬಂದಾಗಲೆಲ್ಲ ತಿನ್ನುತ್ತಿರಬೇಕು, ಕಾಮಿಡಿ ಇರಬೇಕು, ಜನಕ್ಕೆ ಅದೇ ಇಷ್ಟ ಅಂತ ಮೇಲಿನವರು ಒತ್ತುತ್ತಾರೆ. ಹೇಗೆ ವಾದಿಸಲಿ?
— ಬೆಂಗಳೂರು

ಉತ್ತರ: ಆ ಗೆಳತಿಗೆ ನಾನು ಎಷ್ಟು ಸಲ ಬಟ್ಟೆ ಹೊಲಿದಿದ್ದೇನೋ! ಸ್ಕ್ರಿಪ್ಟ್ ಓದದೆಯೇ ಹೇಳಬಲ್ಲೆ: ಹಳದಿಯೋ ಗಿಳಿಹಸಿರೋ ಟೀ ಷರ್ಟು, ಅಡ್ಡ ಪಟ್ಟೆ, ಒಂದು ಸೈಜ್ ಚಿಕ್ಕದು, ಎರಡು ಜಡೆ, ಕೈಯಲ್ಲಿ ಚಿಪ್ಸ್ ಪೊಟ್ಟಣ. ಬಟ್ಟೆ ಒಂದು ಸೈಜ್ ಚಿಕ್ಕದಾಗಿರಬೇಕು ಅಂತ ಬಾಯಿಬಿಟ್ಟು ಹೇಳುತ್ತಿದ್ದರು. ಟ್ರಯಲ್ ರೂಮಿನಲ್ಲಿ ಅಂಥ ಒಬ್ಬ ಹುಡುಗಿಗೆ ಟೇಪು ಸುತ್ತಿದರೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದಳು. ‘ಊರು ಯಾವುದಮ್ಮ, ಬೆಳಿಗ್ಗೆ ಏನು ತಿಂದೆ’ ಅಂತ ಮಾತಿಗೆಳೆಯುತ್ತಿದ್ದೆ. ಮಾತಾಡಲು ಉಸಿರು ಬಿಡಲೇಬೇಕಲ್ಲ, ಆಗ ಅಳತೆ ಓದಿಕೊಳ್ಳುತ್ತಿದ್ದೆ. ಆಮೇಲೆ ಅದಕ್ಕಿಂತ ಎರಡು ಇಂಚು ಕಡಿಮೆಗೆ ಹೊಲಿ ಅಂತ ಅಪ್ಪಣೆ. ನಗು ಹುಟ್ಟಬೇಕಾದದ್ದು ಸಂಭಾಷಣೆಯಲ್ಲಿ, ಆ ಕೆಲಸವನ್ನು ಟೈಲರ್ ತಲೆಗೆ ಕಟ್ಟುತ್ತಾರೆ. ಇದನ್ನೇ ಅವರಿಗೆ ಹೇಳಿ ನೋಡಿ, ‘ನನಗೆ ನಗಿಸಲು ಬರುತ್ತದೆ ಸರ್, ಟೀ ಷರ್ಟು ಬೇಡ’ ಅಂತ.

‘ಜನಕ್ಕೆ ಅದೇ ಇಷ್ಟ’ ಅನ್ನುವುದಕ್ಕೆ ಉಮಾಶ್ರೀ ಅವರನ್ನು ಎತ್ತಿ ತೋರಿಸಿ. ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಜನರನ್ನು ಅಳಿಸಿದ ಕಲಾವಿದೆಗೆ ಸಿನಿಮಾದವರು ವರ್ಷಗಟ್ಟಲೆ ಕೊಟ್ಟದ್ದು ಬರೀ ಹಾಸ್ಯ, ಅದೂ ಎರಡರ್ಥದ್ದು. ‘ಗುಲಾಬಿ ಟಾಕೀಸು’ ಬಂದ ಮೇಲೆ ರಾಷ್ಟ್ರಪ್ರಶಸ್ತಿ ಬಂತು. 2021ರ ಕೊನೆಯಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಅವರು ಅರವತ್ತು ದಾಟಿದ್ದರು. ಮೈಯೂ ಹೀರೋಯಿನ್ ಮೈ ಅಲ್ಲ. ಮೆಸ್ ನಡೆಸುವ ಆ ಹೆಂಗಸಿನ ಹಿಂದೆ ಇಡೀ ಕರ್ನಾಟಕ ಕೂತು ನೋಡಿತು, ಟಿಆರ್‌ಪಿ ಕೂಡ ಅವರಿಗೇ ಬಂತು. ಚಾನಲ್‌ನವರಿಗೆ ಅರ್ಥವಾಗುವ ಭಾಷೆ ಟಿಆರ್‌ಪಿ, ಅದರಲ್ಲೇ ಮಾತಾಡಿ.

ಗೆಳತಿ ತಿನ್ನಲಿ, ತಿನ್ನದವರು ಯಾರು? ನಾಯಕಿಯೂ ಅವಳ ಜೊತೆ ಕೂತು ಮಸಾಲೆ ಪುರಿ ತಿನ್ನಲಿ. ಬ್ಯಾಂಕಿನವಳಲ್ಲವೇ, ನಾಯಕಿಯ ಗಂಡನ ಸಾಲದ ಕಾಗದದಲ್ಲಿರುವ ಮೋಸ ಕಂಡುಹಿಡಿಯುವ ಸೀನು ಅವಳಿಗೆ ಬರೆಯಿರಿ. ಕಾಸ್ಟ್ಯೂಮ್‌ನವರಿಗೆ ಒಂದು ಚೀಟಿ ಕೊಡಿ: ಗೆಳತಿಗೆ ಕಾಟನ್ ಸೀರೆ, ಮೊಣಕೈವರೆಗೆ ತೋಳು, ಕಡುನೀಲಿ ಅಥವಾ ಮೆರೂನ್, ಬಟ್ಟೆ ನಾಯಕಿಗೆ ತರುವ ಅಂಗಡಿಯಿಂದಲೇ. ಬ್ಲೌಸಿನ ಎರಡೂ ಪಕ್ಕ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ನಾಯಕಿಯ ಬ್ಲೌಸಿಗೂ ಬಿಡಿಸಿ, ಧಾರಾವಾಹಿ ಎರಡು ವರ್ಷ ಓಡಿದರೆ ಇಬ್ಬರಿಗೂ ಬೇಕಾಗುತ್ತದೆ.